ವಿಂಡೋಸ್ ಇಲ್ಲದ ಮನೆಗೆ ಸ್ಯಾಟಲೈಟ್ ಇಂಟರ್ನೆಟ್: ದಾವಣಗೆರೆ, ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ದಾವಣಗೆರೆ ಊರೊಳಗೆ, ಇಲ್ಲಿ ಫೈಬರ್ ಇದೆ, ತೊಂದ್ರೆ ಇಲ್ಲ. ನಮ್ಮ ದೊಡ್ಡಪ್ಪನ ತೋಟದ ಮನೆ ಮಾತ್ರ ಜಗಳೂರು ತಾಲೂಕಲ್ಲಿ, ಹಳ್ಳಿಯಿಂದ ಇನ್ನೂ ನಾಲ್ಕು ಕಿಲೋಮೀಟರ್ ಒಳಗೆ, ಫೋನ್ ಹಿಡ್ಕೊಂಡು ನೀರಿನ ಟ್ಯಾಂಕ್ ಹತ್ತಿದ್ರೆ ಒಂದು ಕಡ್ಡಿ ಸಿಗ್ನಲ್, ಇಳಿದ್ರೆ ಅದೂ ಇಲ್ಲ. ಅಲ್ಲಿಗೆ ಸ್ಯಾಟಲೈಟ್ ಕನೆಕ್ಷನ್ ಹಾಕ್ಸಿದ್ವಿ. ಆ ಮನೇಲಿ ಇರೋದು ಲಿನಕ್ಸ್ (ವಿಂಡೋಸ್ ಬದ್ಲು ಬಳಸೋ ಉಚಿತ ಸಿಸ್ಟಮ್) ಹಾಕಿರೋ ಎರಡು ಲ್ಯಾಪ್‌ಟಾಪ್, ಅಕ್ಕನ ಆಪಲ್ ಮ್ಯಾಕ್, ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಸಿಸಿಟಿವಿ ಡಬ್ಬಿ, ಒಂದು ಆಂಡ್ರಾಯ್ಡ್ ಟಿವಿ. ವಿಂಡೋಸ್ ಅನ್ನೋದೇ ಇಲ್ಲ. ಅವತ್ತಿಂದ ಚಳ್ಳಕೆರೆ, ಹೊಸದುರ್ಗ, ಚನ್ನಗಿರಿ ಕಡೆಯಿಂದೆಲ್ಲ ಕೇಳ್ತಾನೇ ಇದಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದ್ಲು ಎಲ್ಲ ಒಂದೇ ಕಡೆ ಹಾಕ್ತಿದೀನಿ.

ನಮ್ಮನೇಲಿ ಬರೀ ಲಿನಕ್ಸ್ ಇದೆ, ಸ್ಯಾಟಲೈಟ್ ಇಂಟರ್ನೆಟ್ ಓಡುತ್ತಾ ಇಲ್ವಾ?

ಓಡುತ್ತೆ. ಷರತ್ತು ಒಂದೇ, ಮೋಡೆಮ್ ಡಬ್ಬಿ ತನ್ನ ಕೆಲಸ ತಾನೇ ಮಾಡ್ಕೊಳ್ಳೋ ತರದ್ದಾಗಿರ್ಬೇಕು. ಅಂದ್ರೆ ಸ್ಯಾಟಲೈಟ್ ಜೊತೆ ಮಾತಾಡೋದು, ಲಾಗಿನ್ ಆಗೋದು ಎಲ್ಲ ಡಬ್ಬಿ ಒಳಗೇ ಮುಗಿದು, ಈ ಕಡೆ ನಮಗೆ ಒಂದು ಈಥರ್ನೆಟ್ ಪೋರ್ಟ್ ಅಥವಾ ವೈಫೈ ಸಿಗ್ಬೇಕು, ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಪ್ರತಿ ಮಷೀನಿಗೂ ಸಿಗೋ ಸಂಖ್ಯೆ) ಅದೇ ಕೊಡ್ಬೇಕು, ಸೆಟ್ಟಿಂಗ್ ಏನೇ ಇದ್ರೂ ಮಾಮೂಲಿ ಬ್ರೌಸರಲ್ಲಿ ಇಲ್ಲ ಫೋನಿನ ಆಪಲ್ಲಿ ತೆರೀಬೇಕು. ಇಷ್ಟಿದ್ರೆ ಆ ಪೋರ್ಟಿಗೆ ನೀವು ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿ, ಮ್ಯಾಕ್ ಹಾಕಿ, ಕ್ರೋಮ್‌ಬುಕ್ ಹಾಕಿ, ಅದಕ್ಕೆ ಗೊತ್ತೇ ಆಗಲ್ಲ. ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ಡ್ರೈವರ್ ಹಾಕ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಹಂಗಾದ್ರೆ ವಿಂಡೋಸ್ ಬೇಕೇ ಬೇಕು ಅಂತ ಯಾಕ್ ಹೇಳ್ತಾರೆ?

ಅದು ಹಳೇ ಕಾಲದ ಮಾತು, ಒಂದು ಕಾಲಕ್ಕೆ ನಿಜಾನೇ ಆಗಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಹ್ಯೂಸ್ ಕಂಪ್ನಿ ಡೈರೆಕ್‌ಪಿಸಿ ಅಂತ ತಂದಾಗ ಸ್ಯಾಟಲೈಟ್ ಕಾರ್ಡೇ ಕಂಪ್ಯೂಟರ್ ಒಳಗೆ ಕೂರ್ತಿತ್ತು, ಅದರ ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಬರ್ತಿತ್ತು. ಅದಾದ್ಮೇಲೆ ಬಂದ ಡಿಡಬ್ಲ್ಯೂ4000 ಮೋಡೆಮೂ ಯುಎಸ್‌ಬಿದು, ಅದಕ್ಕೂ ವಿಂಡೋಸ್ ಮಷೀನ್ ಸದಾ ಆನ್ ಇರ್ಬೇಕಿತ್ತು, ಮನೇಲಿರೋ ಬೇರೆ ಕಂಪ್ಯೂಟರುಗಳು ಅದರ ಮೂಲಕ ಹೋಗ್ಬೇಕಿತ್ತು. ಸ್ಯಾಟಲೈಟಿನ ವಿಳಂಬ ಮುಚ್ಚೋಕೆ ಮಾಡೋ ಲೆಕ್ಕಾಚಾರ ಇದೆಯಲ್ಲ, ಅದು ಆ ವಿಂಡೋಸ್ ಸಾಫ್ಟ್‌ವೇರ್ ಒಳಗೇ ಇತ್ತು. ಆಮೇಲೆ ಡಿಡಬ್ಲ್ಯೂ6000 ಬಂದಾಗ ಆ ಬುದ್ಧಿಯೆಲ್ಲ ಡಬ್ಬಿಯೊಳಗೆ ಹೋಯ್ತು, ಹಿಂದೆ ಈಥರ್ನೆಟ್ ಪೋರ್ಟ್ ಬಂತು, ಅಲ್ಲಿಗೆ ಆ ಕಥೆ ಮುಗೀತು. ಇಪ್ಪತ್ತು ವರ್ಷದ ಮೇಲಾಯ್ತು, ಆದ್ರೂ ಮಾತು ಉಳ್ಕೊಂಡಿದೆ.

ಈಗ ಟೆಕ್ನಿಷಿಯನ್ ವಿಂಡೋಸ್ ಕೇಳೋದು ಅವ್ರಿಗೆ ಅದೊಂದೇ ಗೊತ್ತು ಅನ್ನೋ ಕಾರಣಕ್ಕೆ. ಅದು ಅವ್ರ ತಪ್ಪಲ್ಲ, ಟ್ರೈನಿಂಗಲ್ಲಿ ಅದನ್ನೇ ತೋರಿಸಿರ್ತಾರೆ.

ಅದಿರ್ಲಿ, ನನಗೆ ಸ್ಯಾಟಲೈಟ್ ಬೇಕಾ?

ಇದನ್ನ ಮೊದ್ಲು ಕೇಳ್ಕೊಳ್ಳಿ, ಯಾಕಂದ್ರೆ ಸುಮಾರು ಜನಕ್ಕೆ ಬೇಕಿಲ್ಲ. ಮನೆ ಹತ್ರ ಫೈಬರ್ ಬಂದಿದ್ರೆ ಕಣ್ಮುಚ್ಕೊಂಡು ಫೈಬರ್ ತಗೊಳ್ಳಿ. ಗ್ರಾಮ ಪಂಚಾಯ್ತಿವರೆಗೆ ಭಾರತ್‌ನೆಟ್ (ಹಳ್ಳಿಗಳಿಗೆ ಸರ್ಕಾರ ಎಳೆಸ್ತಿರೋ ಫೈಬರ್) ಕೇಬಲ್ ಬಂದಿದ್ರೆ ಅಲ್ಲಿಂದ ಮನೆಗೆ ಎಳ್ಕೊಡ್ತಾರಾ ಅಂತ ಬಿಎಸ್‌ಎನ್‌ಎಲ್ ಆಫೀಸಲ್ಲಿ ವಿಚಾರಿಸಿ. ಅದೂ ಇಲ್ಲ ಅಂದ್ರೆ 4ಜಿ ರೂಟರಿಗೆ ಹೊರಗಿನ ಆಂಟೆನಾ ಸಿಕ್ಕಿಸಿ, ಬೋರ್‌ವೆಲ್ ಪೈಪ್ ತರದ್ದೊಂದು ಕಂಬ ನೆಟ್ಟು ಮೇಲೆ ಏರ್ಸಿ ನೋಡಿ. ಟವರ್ ಕಣ್ಣಿಗೆ ಕಾಣೋ ಹಂಗಿದ್ರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ, ಖರ್ಚೂ ಕಮ್ಮಿ. ಹೊಳಲ್ಕೆರೆ ಹತ್ರ ನನ್ನ ಸ್ನೇಹಿತನ ತೋಟದಲ್ಲಿ ಹಂಗೇ ಮಾಡಿದ್ವಿ, ಸ್ಯಾಟಲೈಟ್ ಮಾತೇ ಬರ್ಲಿಲ್ಲ.

ಇದ್ಯಾವುದೂ ಆಗ್ಲಿಲ್ಲ, ಮಧ್ಯೆ ಗುಡ್ಡ ಅಡ್ಡ ಇದೆ, ಕಣಿವೇಲಿ ಮನೆ ಇದೆ ಅಂದ್ರೆ ಆಗ ಸ್ಯಾಟಲೈಟ್. ಚಿತ್ರದುರ್ಗದ ಕಲ್ಲುಗುಡ್ಡಗಳ ಹಿಂದೆ ಇರೋ ಹಟ್ಟಿಗಳು, ಮೊಳಕಾಲ್ಮೂರು ಕಡೆ ಕೆಲವು ಜಾಗ, ಅಂಥಲ್ಲಿ ಇದು ನಿಜವಾಗ್ಲೂ ಕೆಲಸಕ್ಕೆ ಬರುತ್ತೆ.

ಸ್ಯಾಟಲೈಟ್ ಅಂದ್ರೆ ಎಲ್ಲ ಒಂದೇನಾ? ಪಿಂಗ್ (ಕೋರಿಕೆ ಹೋಗಿ ಉತ್ತರ ಬರೋಕೆ ಹಿಡಿಯೋ ಸಮಯ) ಅಷ್ಟೊಂದು ವ್ಯತ್ಯಾಸ ಯಾಕೆ?

ಒಂದೇ ಅಲ್ಲ, ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಆಯ್ಕೆ ಮುಗಿದಂಗೆ.

ಒಂದು ಜಾತಿ ಭೂಸ್ಥಿರ ಉಪಗ್ರಹ. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ನಿಂತಿರುತ್ತೆ, ಭೂಮಿ ತಿರುಗೋ ವೇಗಕ್ಕೇ ಅದೂ ತಿರುಗೋದ್ರಿಂದ ನಮಗೆ ಒಂದೇ ಜಾಗದಲ್ಲಿ ಕಾಣುತ್ತೆ, ಡಿಶ್ ಒಂದ್ಸಲ ತಿರುಗಿಸಿ ಬೋಲ್ಟ್ ಬಿಗಿದ್ರೆ ಆಯ್ತು. ಆದ್ರೆ ನೀವು ಒಂದು ಲಿಂಕ್ ಒತ್ತಿದ್ರೆ ಆ ಕೋರಿಕೆ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರ್ಬೇಕು, ಒಟ್ಟು ನಾಲ್ಕು ಸಲ, ಅಂದ್ರೆ 1,43,000 ಕಿ.ಮೀ. ಮೇಲಾಯ್ತು. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡಿದ್ರೂ ಇದಕ್ಕೆ ಹತ್ತತ್ರ ಅರ್ಧ ಸೆಕೆಂಡ್ ಬೇಕು. ಮಿಕ್ಕ ಡಬ್ಬಿಗಳ ಸಮಯ ಎಲ್ಲ ಸೇರಿ 600 ಮಿಲಿಸೆಕೆಂಡ್, ಕೆಲವೊಮ್ಮೆ ಜಾಸ್ತಿ. ಎಷ್ಟೇ ದುಡ್ಡು ಕೊಟ್ರೂ, ಯಾವ ಪ್ಲಾನ್ ತಗೊಂಡ್ರೂ ಈ ಅರ್ಧ ಸೆಕೆಂಡ್ ಕಮ್ಮಿ ಆಗಲ್ಲ.

ಇನ್ನೊಂದು ಜಾತಿ ಕೆಳಗೆ ಓಡೋವು. ಸ್ಟಾರ್‌ಲಿಂಕಿನವು ಸುಮಾರು 550 ಕಿ.ಮೀ. ಎತ್ತರ, ಅಂದ್ರೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು ದೂರ. ಒನ್‌ವೆಬ್‌ದು 1,200 ಕಿ.ಮೀ. ಇವು ಒಂದೇ ಕಡೆ ನಿಲ್ಲಲ್ಲ, ತಲೆ ಮೇಲೆ ಹಾದು ಹೋಗ್ತಾ ಇರ್ತವೆ, ಡಿಶ್ ಒಂದರಿಂದ ಇನ್ನೊಂದಕ್ಕೆ ತಾನೇ ಬದಲಾಯಿಸ್ಕೊಳ್ಳುತ್ತೆ. ಪಿಂಗ್ 25ರಿಂದ 60 ಮಿಲಿಸೆಕೆಂಡ್ ಆಸುಪಾಸು. ವೀಡಿಯೋ ಕಾಲಲ್ಲಿ ಎದುರಿನವರ ಮಾತಿನ ಮೇಲೆ ನಮ್ಮ ಮಾತು ಬೀಳಲ್ಲ, ಗೇಮ್ ಆಡೋರಿಗೂ ನಡಿಯುತ್ತೆ.

ಬ್ಯಾಂಕ್ ಕೆಲಸ, ಮಾರ್ಕೆಟ್ ರೇಟ್ ನೋಡೋದು, ಯೂಟ್ಯೂಬ್, ಮೇಲ್ ಇಷ್ಟೇ ಆದ್ರೆ ಭೂಸ್ಥಿರ ಸಾಕು. ಮನೆಯಿಂದ ಆಫೀಸ್ ಕೆಲಸ, ದಿನಾ ಮೀಟಿಂಗ್, ಮಕ್ಕಳ ಆನ್‌ಲೈನ್ ಕ್ಲಾಸ್ ಇದ್ರೆ ಕೆಳಗೆ ಓಡೋದೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಯಾವ್ಯಾವುದಿದೆ? ದುಬೈಯಿಂದ ಕಿಟ್ ತರಿಸ್ಬಹುದಾ?

ಎರಡನೇದಕ್ಕೆ ಮೊದ್ಲು ಉತ್ತರ: ಬೇಡ. ದೇಶದ ಅನುಮತಿ ಇಲ್ಲದ ಸ್ಯಾಟಲೈಟ್ ಟರ್ಮಿನಲ್ ಇಟ್ಕೊಳ್ಳೋದು ಕಾನೂನಿಗೆ ವಿರುದ್ಧ, ಕಸ್ಟಮ್ಸಲ್ಲಿ ಹಿಡೀತಾರೆ, ಮನೇಲಿ ಸಿಕ್ರೆ ಕೇಸ್ ಆಗುತ್ತೆ. ತಮ್ಮ ಅಂತ ಹೇಳ್ತಿದೀನಿ ಅಂದ್ಕೊಳ್ಳಿ, ಆ ದಾರಿಗೆ ಹೋಗಬೇಡಿ.

ಭೂಸ್ಥಿರದಲ್ಲಿ ಹ್ಯೂಸ್ ಕಮ್ಯುನಿಕೇಷನ್ಸ್ ಇಂಡಿಯಾ, ಟಾಟಾದವರ ನೆಲ್ಕೊ ಇವು ಹಳಬರು. ಹ್ಯೂಸ್ 2022ರ ಸೆಪ್ಟೆಂಬರಲ್ಲಿ ಇಸ್ರೋದ ಜೀಸ್ಯಾಟ್-11, ಜೀಸ್ಯಾಟ್-29 ಬಳಸ್ಕೊಂಡು ಹೈ ಥ್ರೂಪುಟ್ (ಹೆಚ್ಚು ಡೇಟಾ ಸಾಗಿಸೋ) ಬ್ರಾಡ್‌ಬ್ಯಾಂಡ್ ಶುರು ಮಾಡ್ತು. ಎರಡೂ 2018ರಲ್ಲಿ ಹೋದವು, ಜೀಸ್ಯಾಟ್-11 ತೂಕ 5,854 ಕೆ.ಜಿ. ಇದ್ದಿದ್ರಿಂದ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟಲ್ಲಿ ಕಳ್ಸಿದ್ರು. ನಮ್ಮ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನ ನೋಡ್ಕೊಳ್ಳೋ ಮುಖ್ಯ ಕೇಂದ್ರ ಇಲ್ಲೇ ಹಾಸನದಲ್ಲಿದೆ ಅನ್ನೋದು ನನಗೆ ಯಾವಾಗ್ಲೂ ಖುಷಿ ಕೊಡೋ ವಿಷಯ.

ಕೆಳಗೆ ಓಡೋದ್ರಲ್ಲಿ, ಒನ್‌ವೆಬ್ ಹೆಚ್ಚಾಗಿ ಕಂಪ್ನಿ, ಸರ್ಕಾರಿ ಕೆಲಸಕ್ಕೆ. ಸ್ಟಾರ್‌ಲಿಂಕ್ 2021ರಲ್ಲಿ ಲೈಸೆನ್ಸ್ ಇಲ್ಲದೇ ಮುಂಗಡ ಬುಕಿಂಗ್ ತಗೊಂಡಾಗ ದೂರಸಂಪರ್ಕ ಇಲಾಖೆ ಜನಕ್ಕೆ ಎಚ್ಚರಿಕೆ ಕೊಟ್ಟು ನಿಲ್ಲಿಸ್ತು, ದುಡ್ಡು ವಾಪಸ್ ಮಾಡ್ಬೇಕಾಯ್ತು. ಆಮೇಲೆ 2025ರ ಜೂನಲ್ಲಿ ಲೈಸೆನ್ಸ್, ಜುಲೈಯಲ್ಲಿ ಇನ್-ಸ್ಪೇಸ್ (ಖಾಸಗಿ ಬಾಹ್ಯಾಕಾಶ ಕೆಲಸಕ್ಕೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ) ಅನುಮತಿ ಐದು ವರ್ಷಕ್ಕೆ ಸಿಕ್ತು. ಏರ್‌ಟೆಲ್, ಜಿಯೋ ಎರಡೂ 2025ರ ಮಾರ್ಚಲ್ಲೇ ಸ್ಟಾರ್‌ಲಿಂಕಿಗಾಗಿ ಒಪ್ಪಂದ ಮಾಡ್ಕೊಂಡಿದ್ವು. ಅನುಮತಿ ಸಿಗೋದು ಬೇರೆ, ನಿಮ್ಮ ಅಡ್ರೆಸ್ಸಿಗೆ ಸರ್ವಿಸ್ ಕೊಡೋದು ಬೇರೆ. ಕಂಪ್ನಿಯ ಸ್ವಂತ ಸೈಟಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡದೇ, ಊರಲ್ಲಿ ಯಾರೋ ಏಜೆಂಟ್ ಅಂತ ಬಂದವರ ಕೈಗೆ ಅಡ್ವಾನ್ಸ್ ಕೊಡಬೇಡಿ.

ದುಡ್ಡು ಕೊಡೋಕೆ ಮುಂಚೆ ಏನೇನು ಕೇಳ್ಬೇಕು?

ನಾನು ದೊಡ್ಡಪ್ಪನ ಮನೆಗೆ ತಗೊಳ್ಳೋಕೆ ಮುಂಚೆ ಒಂದು ಹಾಳೇಲಿ ಬರ್ಕೊಂಡು ಫೋನ್ ಮಾಡಿದ್ದೆ. ಮೋಡೆಮಿಗೆ ಈಥರ್ನೆಟ್ ಪೋರ್ಟ್ ಇದೆಯಾ, ಇದ್ರೆ ಎಷ್ಟು. ಇದನ್ನ ಕೇಳಲೇಬೇಕು, ಯಾಕಂದ್ರೆ ಸ್ಟಾರ್‌ಲಿಂಕಿನ ಎರಡನೇ ತಲೆಮಾರಿನ ರೂಟರಿಗೆ ಪೋರ್ಟೇ ಇರ್ಲಿಲ್ಲ, ಬೇರೆ ಅಡಾಪ್ಟರ್ ಕೊಂಡ್ಕೋಬೇಕಿತ್ತು, ಮೂರನೇ ತಲೆಮಾರಿಂದ ಎರಡು ಪೋರ್ಟ್ ಕೊಟ್ಟಿದಾರೆ. ಐಪಿ ತಾನೇ ಕೊಡುತ್ತಾ, ಇಲ್ಲ ಕೈಯಲ್ಲಿ ಹಾಕ್ಬೇಕಾ. ಲಾಗಿನ್ ಎಲ್ಲಿ, ಡಬ್ಬಿಯಲ್ಲಾ ಕಂಪ್ಯೂಟರಲ್ಲಾ. ಪಬ್ಲಿಕ್ ಐಪಿ (ಹೊರಗಿಂದ ನೇರ ತಲುಪೋ ಅಡ್ರೆಸ್) ಸಿಗುತ್ತಾ, ಐಪಿವಿ6 (ಹೊಸ ಬಗೆಯ ಐಪಿ ಅಡ್ರೆಸ್) ಇದೆಯಾ. ತಿಂಗಳಿಗೆ ಎಷ್ಟು ಜಿಬಿ ಆದ್ಮೇಲೆ ಸ್ಪೀಡ್ ಇಳಿಸ್ತಾರೆ, ಇಳಿಸಿ ಎಷ್ಟಕ್ಕೆ ತರ್ತಾರೆ. ಡಿಶ್ ನಮ್ದಾ ಬಾಡಿಗೆದಾ, ಕನೆಕ್ಷನ್ ಬಿಟ್ರೆ ವಾಪಸ್ ಕೊಡ್ಬೇಕಾ. ಹೇಳಿದ ರೇಟಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ಯಾ ಇಲ್ವಾ.

ಉತ್ತರಗಳನ್ನ ವಾಟ್ಸಾಪಲ್ಲೋ ಮೇಲಲ್ಲೋ ಬರ್ಸಿ ತಗೊಳ್ಳಿ. ಬಾಯಿ ಮಾತಲ್ಲಿ "ಎಲ್ಲ ಆಗ್ತೈತೆ ಸರ್" ಅಂತಾರೆ, ಆಮೇಲೆ ಫೋನ್ ಎತ್ತೋ ಹುಡುಗ ಬೇರೆ ಇರ್ತಾನೆ.

ಟೆಕ್ನಿಷಿಯನ್ ಬಂದು "ನಿಮ್ಮ ಲಿನಕ್ಸಲ್ಲಿ ಬರಲ್ಲ" ಅಂದ್ರೆ ಏನ್ ಮಾಡ್ಲಿ?

ಇದು ನಮಗೇ ಆಗಿದ್ದು, ಅದಕ್ಕೇ ಬಿಡಿಸಿ ಹೇಳ್ತೀನಿ.

ಅವ್ರು ಇಬ್ಬರು ಬಂದ್ರು, ಆರ್‌ಸಿಸಿ ಮೇಲೆ ಡಿಶ್ ಕೂರ್ಸಿದ್ರು, ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ಊಟದ ಹೊತ್ತಿಗೆ ಸಿಗ್ನಲ್ ಹಿಡಿದ್ರು, ಕೆಲಸ ಅಚ್ಚುಕಟ್ಟಾಗೇ ಮಾಡಿದ್ರು. ಅವ್ರ ವಿಂಡೋಸ್ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಯೂಟ್ಯೂಬ್ ಓಡಿಸಿ ತೋರಿಸಿದ್ರು. ಅದೇ ಕೇಬಲ್ ಕಿತ್ತು ನಮ್ಮ ಲ್ಯಾಪ್‌ಟಾಪಿಗೆ ಹಾಕಿದ್ರೆ ಏನೂ ಇಲ್ಲ, ಪೋರ್ಟಿನ ಹಸಿರು ಲೈಟ್ ಉರೀತಿದೆ, ಪಕ್ಕದ ಕಿತ್ತಳೆ ಲೈಟ್ ಮಿಣಮಿಣ ಅಂತಿದೆ, ಆದ್ರೆ ಮೇಲೆ "ಕನೆಕ್ಟ್ ಆಗ್ತಿದೆ" ಅಂತ ತಿರುಗ್ತಾನೇ ಇದೆ. "ನೋಡ್ರಿ ಸರ್, ಇದು ಲಿನಕ್ಸಿಗೆ ಸಪೋರ್ಟ್ ಇಲ್ಲ, ಒಂದು ವಿಂಡೋಸ್ ಹಾಕ್ಸಿಬಿಡ್ರಿ" ಅಂದ್ರು. ದೊಡ್ಡಪ್ಪ ನನ್ನ ಮುಖ ನೋಡಿದ್ರು, ದುಡ್ಡು ಆಗ್ಲೇ ಕಟ್ಟಿದ್ವಿ.

ನಾನು ಅವ್ರಿಗೆ ಕೇಳಿದ್ದು ಇಷ್ಟೇ, "ಅಣ್ಣ, ನಿಮ್ಮ ಲ್ಯಾಪ್‌ಟಾಪಲ್ಲಿ ಈಥರ್ನೆಟ್ ಸೆಟ್ಟಿಂಗ್ ತೆಗೆದು ತೋರ್ಸಿ." ತೋರ್ಸಿದ್ರು. ಅಲ್ಲಿ ಐಪಿ ಅಡ್ರೆಸ್, ಸಬ್‌ನೆಟ್, ಗೇಟ್‌ವೇ, ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡೋದು) ನಾಲ್ಕೂ ಕೈಯಲ್ಲಿ ತುಂಬಿದ್ರು. ಮೋಡೆಮಲ್ಲಿ ಐಪಿ ತಾನೇ ಹಂಚೋ ಡಿಎಚ್‌ಸಿಪಿ ಆಫ್ ಇತ್ತು, ಅಷ್ಟೇ ವಿಷಯ. ಅವ್ರು ಕಂಪ್ನಿ, ಬ್ಯಾಂಕ್ ಸೈಟುಗಳಲ್ಲೆಲ್ಲ ಹಂಗೇ ಮಾಡಿ ರೂಢಿ, ಅಲ್ಲಿ ಹಂಗೇ ಬೇಕಾಗುತ್ತೆ. ಅವೇ ನಾಲ್ಕು ಸಂಖ್ಯೆ ಒಂದು ಚೀಟಿಗೆ ಬರ್ಕೊಂಡು, ಅವ್ರ ಲ್ಯಾಪ್‌ಟಾಪಿನ ಕೇಬಲ್ ಕಿತ್ತು, ನಮ್ಮ ಲ್ಯಾಪ್‌ಟಾಪಲ್ಲಿ ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ ಐಪಿವಿ4 ಅಂತಿರೋ ಕಡೆ ಮ್ಯಾನುಯಲ್ ಮಾಡಿ ತುಂಬಿದೆ. ಒಂದು ನಿಮಿಷದೊಳಗೆ ಪೇಜ್ ಬಂತು. ಆ ಚೀಟಿ ಇವತ್ತಿಗೂ ಮೋಡೆಮ್ ತಳಕ್ಕೆ ಸೆಲೋಟೇಪ್ ಹಾಕಿ ಅಂಟಿಸಿದೀನಿ. ಆಮೇಲೆ ಆ ಸಂಖ್ಯೆಗಳನ್ನ ನಮ್ಮ ರೂಟರಿನ ವ್ಯಾನ್ (ಹೊರಗಿನ ನೆಟ್ ಬರೋ) ಕಡೆಗೆ ಹಾಕ್ಬಿಟ್ವಿ, ಮನೆಯೊಳಗಿನ ಎಲ್ಲದಕ್ಕೂ ರೂಟರೇ ಐಪಿ ಕೊಡುತ್ತೆ.

ಇನ್ನೊಂದು ತರದ್ದೂ ಆಗ್ಬಹುದು, ಕೆಲವು ಮೋಡೆಮ್ ಮೊದ್ಲು ಚುಚ್ಚಿದ ಮಷೀನಿನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಆಪಲ್ ಮ್ಯಾಕಿಗೂ ಇದಕ್ಕೂ ಸಂಬಂಧ ಇಲ್ಲ) ನೆನಪಿಟ್ಕೊಂಡು ಬೇರೆಯವರಿಗೆ ಬಾಗಿಲು ತೆಗೆಯಲ್ಲ. ಅದಕ್ಕೆ ಮೋಡೆಮ್ ಪವರ್ ತೆಗೆದು ಎರಡು ನಿಮಿಷ ಬಿಟ್ಟು ಹಾಕಿ. ಒಟ್ನಲ್ಲಿ, ನಿಮ್ಮ ಸ್ವಂತ ಮಷೀನಲ್ಲಿ ಪೇಜ್ ತೆರೆಯೋವರೆಗೆ ಟೆಕ್ನಿಷಿಯನ್ ಪೇಪರಿಗೆ ಸೈನ್ ಹಾಕಬೇಡಿ. ಊಟ ಹಾಕಿ, ಟೀ ಕೊಡಿ, ಸೈನ್ ಮಾತ್ರ ಆಮೇಲೆ.

ಡಿಶ್ ಎಲ್ಲಿ ಇಡ್ಬೇಕು? ನಮ್ಮದು ಅಡಿಕೆ ತೋಟ.

ಭೂಸ್ಥಿರ ಆದ್ರೆ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ನಾವು ಸಮಭಾಜಕದಿಂದ 14 ಡಿಗ್ರಿ ಚಿಲ್ಲರೆ ಉತ್ತರಕ್ಕಿದೀವಿ, ಅಷ್ಟು ದೂರ ಅಲ್ಲ, ಹಂಗಾಗಿ ಉಪಗ್ರಹ ಆಕಾಶದಲ್ಲಿ ಎತ್ತರಕ್ಕೆ ಕಾಣುತ್ತೆ. 74 ಡಿಗ್ರಿ ಪೂರ್ವದಲ್ಲಿರೋ ಜೀಸ್ಯಾಟ್-11 ದಾವಣಗೆರೆಯಿಂದ ನೋಡಿದ್ರೆ ಹತ್ತತ್ರ ನೇರ ದಕ್ಷಿಣ, ಒಂಚೂರು ಪಶ್ಚಿಮಕ್ಕೆ, ಸುಮಾರು 73 ಡಿಗ್ರಿ ಎತ್ತರದಲ್ಲಿದೆ. 55 ಡಿಗ್ರಿಯಲ್ಲಿರೋ ಜೀಸ್ಯಾಟ್-29 ಆದ್ರೆ ನೈಋತ್ಯಕ್ಕೆ, ಸುಮಾರು 60 ಡಿಗ್ರಿ. ಅಂದ್ರೆ ಮರ ಮನೆಗೆ ತೀರಾ ಒತ್ಕೊಂಡಿಲ್ಲ ಅಂದ್ರೆ ಅಡ್ಡ ಬರಲ್ಲ. ಡಿಶ್ ನೋಡೋಕೆ ಅಷ್ಟು ಮೇಲಕ್ಕೆ ತಿರುಗಿದಂಗೆ ಕಾಣಲ್ಲ, ಅದು ಆಫ್‌ಸೆಟ್ ಡಿಶ್, ನೋಟಕ್ಕೂ ಗುರಿಗೂ ವ್ಯತ್ಯಾಸ ಇರುತ್ತೆ, ಗಾಬರಿ ಬೇಡ.

ಕೆಳಗೆ ಓಡೋ ಉಪಗ್ರಹಕ್ಕೆ ಲೆಕ್ಕ ಬೇರೆ. ಒಂದು ದಿಕ್ಕು ತೆರೆದಿದ್ರೆ ಸಾಲದು, ಕೊಡೆ ಬಿಚ್ಚಿದಷ್ಟು ಅಗಲ ಆಕಾಶ ಬೇಕು. ಚನ್ನಗಿರಿ ಕಡೆ ಅಡಿಕೆ ತೋಟದ ನಡುವೆ ಮನೆ ಇರೋರಿಗೆ ಇದೇ ತೊಡಕು, ಮರದ ತಲೆ ಉಪಗ್ರಹಕ್ಕೆ ಅಡ್ಡ ಬಂದಾಗೆಲ್ಲ ಎರಡು ಮೂರು ಸೆಕೆಂಡ್ ಕಟ್ ಆಗುತ್ತೆ, ಯೂಟ್ಯೂಬಲ್ಲಿ ಗೊತ್ತಾಗಲ್ಲ, ಕಾಲಲ್ಲಿ ಗೊತ್ತಾಗುತ್ತೆ. ಫೋನ್ ಆಪಲ್ಲಿ ಆಕಾಶ ಸ್ಕ್ಯಾನ್ ಮಾಡೋ ಸೌಲಭ್ಯ ಇದೆ, ಜಾಗ ಗೊತ್ತು ಮಾಡೋಕೆ ಮುಂಚೆ ಮೇಲೆ ಹತ್ತಿ ಸ್ಕ್ಯಾನ್ ಮಾಡಿ. ಅಡಿಕೆ ಗಿಡ ವರ್ಷ ವರ್ಷ ಬೆಳೆಯುತ್ತೆ ಅನ್ನೋದೂ ಲೆಕ್ಕಕ್ಕಿರ್ಲಿ, ಈವತ್ತು ಸರಿಯಿದ್ದ ಜಾಗ ಮೂರು ವರ್ಷಕ್ಕೆ ಸರಿಯಿರಲ್ಲ.

ಮಳೇಲಿ ಹೋಗ್ಬಿಡುತ್ತಾ?

ಜೋರು ಮಳೆ ಬಂದಾಗ ಸ್ವಲ್ಪ ಹೊತ್ತು ಹೋಗುತ್ತೆ, ಸಣ್ಣ ಮಳೆಗೆ ಏನಾಗಲ್ಲ. ಸ್ಯಾಟಲೈಟ್ ಬಳಸೋ ತರಂಗಪಟ್ಟಿಗಳಲ್ಲಿ ಕೆಯು ಬ್ಯಾಂಡಿಗಿಂತ ಕೆಎ ಬ್ಯಾಂಡಿಗೆ ಮಳೆ ಕಾಟ ಜಾಸ್ತಿ. ನಮ್ಮದು ಬಯಲುಸೀಮೆ, ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಇದು ದೊಡ್ಡ ಚಿಂತೆ ಅಲ್ಲ, ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬಿಟ್ರೆ.

ಭೂಸ್ಥಿರದವರು ಇನ್ನೊಂದು ತಿಳ್ಕೊಂಡಿರಿ. ಮಾರ್ಚ್ ಮಧ್ಯದಲ್ಲಿ ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಲ್ಲಿ ಕೆಲವು ದಿನ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಾಗ ಕೆಲವು ನಿಮಿಷ ನೆಟ್ ಹೋಗುತ್ತೆ. ಬಿರುಬಿಸಿಲು, ಮೋಡ ಇಲ್ಲ, ಆದ್ರೂ ಹೋಯ್ತಲ್ಲ ಅಂತ ಕೇಬಲ್ ಎಲ್ಲ ಕಿತ್ತು ನೋಡೋಕೆ ಹೋಗಬೇಡಿ, ತಾನೇ ಬರುತ್ತೆ.

ನಮ್ಮ ಹಳೇ ರೂಟರೇ ಇಟ್ಕೋಬಹುದಾ?

ಇಟ್ಕೊಳ್ಳಿ, ಇಟ್ಕೊಳ್ಳೋದೇ ಒಳ್ಳೇದು. ಮನೆ ಒಳಗಿನ ವೈಫೈ ಹೆಸರು, ಪಾಸ್‌ವರ್ಡ್, ಪ್ರಿಂಟರ್ ಅಡ್ರೆಸ್ ಯಾವುದೂ ಬದಲಾಗಲ್ಲ, ನಾಳೆ ಫೈಬರ್ ಬಂದ್ರೆ ಮೇಲಿನ ಕೇಬಲ್ ಮಾತ್ರ ಬದಲಾಯಿಸಿದ್ರೆ ಆಯ್ತು. ಒಂದು ನೋಡ್ಕೊಳ್ಳಿ, ಮೋಡೆಮೂ 192.168.1 ಸರಣಿ, ನಿಮ್ಮ ರೂಟರೂ 192.168.1 ಸರಣಿ ಆದ್ರೆ ಎರಡೂ ಕಿತ್ತಾಡ್ತವೆ, ನೆಟ್ ಬಂದಂಗೆ ಹೋದಂಗೆ ಆಡುತ್ತೆ. ನಿಮ್ಮದನ್ನ 192.168.50 ಅಂತ ಏನಾದ್ರೂ ಮಾಡಿ. ಸ್ಟಾರ್‌ಲಿಂಕಲ್ಲಿ ಅವ್ರ ರೂಟರನ್ನ ಬೈಪಾಸ್ ಮೋಡಿಗೆ (ಅದು ಬದಿಗೆ ಸರಿದು ನಿಮ್ಮ ರೂಟರೇ ಕೆಲಸ ಮಾಡೋ ಹಂಗೆ) ಹಾಕ್ಬಹುದು, ಆಗ ಡಿಶ್ ಸ್ಥಿತಿ ನೋಡೋಕೆ 192.168.100.1ಕ್ಕೆ ದಾರಿ ಬಿಟ್ಕೊಂಡಿರಿ. ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕೋ ಉಚಿತ ಸಾಫ್ಟ್‌ವೇರ್) ಹಾಕಿರೋ ರೂಟರಿದ್ರೆ ಅದರಲ್ಲಿ ದಟ್ಟಣೆ ಸಂಭಾಳಿಸೋ ಎಸ್‌ಕ್ಯೂಎಂ ಆನ್ ಮಾಡಿ, ಒಬ್ರು ದೊಡ್ಡ ಫೈಲ್ ಕಳಿಸ್ತಿದ್ರೂ ಇನ್ನೊಬ್ರ ಕಾಲ್ ಒಡೆಯಲ್ಲ.

ಸ್ಪೀಡ್ ಟೆಸ್ಟಲ್ಲಿ 20 ಎಂಬಿಪಿಎಸ್ ಬರುತ್ತೆ, ಪೇಜ್ ತೆರೆಯೋಕೆ ಮಾತ್ರ ಅಷ್ಟೊತ್ತು. ಲಿನಕ್ಸಿಂದಲಾ?

ಅಲ್ಲ, ಅದು ಆ ಅರ್ಧ ಸೆಕೆಂಡಿಂದು. ಹೊಸ ಸೈಟಿಗೆ ಹೋಗೋವಾಗ ಮೊದ್ಲು ಹೆಸರಿಗೆ ಐಪಿ ಕೇಳ್ಬೇಕು, ಆಮೇಲೆ ಕನೆಕ್ಷನ್ ಕಟ್ಬೇಕು, ಆಮೇಲೆ ಬೀಗ ಹಾಕೋ ಮಾತುಕತೆ, ಆಮೇಲೆ ಪೇಜ್ ಕೇಳೋದು. ನಾಲ್ಕು ಸಲ ಹೋಗಿ ಬರೋದಕ್ಕೆ ತಲಾ 0.6 ಸೆಕೆಂಡ್ ಅಂದ್ರೂ 2.4 ಸೆಕೆಂಡ್ ಬರೀ ಓಡಾಟಕ್ಕೇ ಹೋಯ್ತು, ಒಂದಕ್ಷರನೂ ಬಂದಿರಲ್ಲ. ಇದರಲ್ಲಿ ಮೊದಲನೇದನ್ನ ನಾವು ಉಳಿಸ್ಬಹುದು. ರಾಸ್ಪ್‌ಬೆರಿ ಪೈಯಲ್ಲಿ ಪೈ-ಹೋಲ್ ಅಥವಾ ಅನ್‌ಬೌಂಡ್ ಹಾಕಿ ಮನೆಯ ಡಿಎನ್‌ಎಸ್ ಅದನ್ನೇ ಮಾಡಿದ್ರೆ, ಒಂದ್ಸಲ ಕೇಳಿದ ಹೆಸರು ಮತ್ತೆ ಮೇಲೆ ಹೋಗಿ ಕೇಳೋ ಹಂಗಿಲ್ಲ. ಪೈ-ಹೋಲ್ ಜಾಹೀರಾತುಗಳನ್ನೂ ತಡೆಯೋದ್ರಿಂದ ಅವುಗಳ ಓಡಾಟಾನೂ ಉಳೀತು. ದೊಡ್ಡಪ್ಪನ ಮನೇಲಿ ಇದೊಂದು ಮಾಡಿದ್ಮೇಲೆ ದೊಡ್ಡಮ್ಮನೇ "ಈಗ ಚುರುಕಾಗೈತಲ್ಲ" ಅಂದ್ರು.

ಇನ್ನು ಟಿಸಿಪಿ ವಿಂಡೋ, ಅಂದ್ರೆ ಉತ್ತರಕ್ಕೆ ಕಾಯದೇ ಒಂದು ಸಲಕ್ಕೆ ಎಷ್ಟು ಡೇಟಾ ಕಳಿಸ್ಬಹುದು ಅನ್ನೋ ಮಿತಿ. ಆ ಮಿತಿ ದೊಡ್ಡದು ಮಾಡೋ ವಿಂಡೋ ಸ್ಕೇಲಿಂಗ್ ಇಲ್ಲದೇ ಹೋದ್ರೆ ಒಂದು ಸಲಕ್ಕೆ 64 ಕೆಬಿ ಮಾತ್ರ ದಾರಿಯಲ್ಲಿರ್ಬಹುದು, 0.6 ಸೆಕೆಂಡಿಗೆ 64 ಕೆಬಿ ಅಂದ್ರೆ 1 ಎಂಬಿಪಿಎಸ್ಸೂ ದಾಟಲ್ಲ. 20 ಎಂಬಿಪಿಎಸ್ ಪೂರ್ತಿ ಬಳಸೋಕೆ 1.5 ಎಂಬಿಯಷ್ಟು ದಾರಿಯಲ್ಲಿರ್ಬೇಕು. ಈಗಿನ ಲಿನಕ್ಸ್, ಮ್ಯಾಕ್ ಎರಡೂ ಇದನ್ನ ತಾವೇ ಹೊಂದಿಸ್ಕೊಳ್ತವೆ, ಹಳೇ ಬ್ಲಾಗ್ ನೋಡಿ ಆ ಸಂಖ್ಯೆಗಳನ್ನ ತಿದ್ದೋಕೆ ಹೋಗಬೇಡಿ. ಅಪ್‌ಲೋಡ್ ಜಾಸ್ತಿ ಮಾಡೋರು ಬೇಕಾದ್ರೆ ಬಿಬಿಆರ್ (ಡೇಟಾ ಕಳಿಸೋ ವೇಗ ಹೊಂದಿಸೋ ಒಂದು ವಿಧಾನ) ಹಾಕಿ ನೋಡ್ಬಹುದು. ಉದ್ದ ದಾರಿಗೆ ಅಂತಾನೇ ಮಾಡಿದ ಹೈಬ್ಲಾ ಅನ್ನೋದೂ ಲಿನಕ್ಸ್ ಕರ್ನೆಲಲ್ಲೇ ಇದೆ, ಈ ವಿಷಯದಲ್ಲಿ ಲಿನಕ್ಸ್‌ನವರಿಗೆ ಅನುಕೂಲ ಜಾಸ್ತಿ.

ಆಫೀಸ್ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಹೋಗೋ ಬೀಗ ಹಾಕಿದ ದಾರಿ) ಹಾಕಿದ ತಕ್ಷಣ ನೆಟ್ ಸತ್ತೇ ಹೋಗುತ್ತೆ, ಯಾಕೆ?

ಭೂಸ್ಥಿರ ಮೋಡೆಮ್ ಒಳಗೆ ಒಂದು ಉಪಾಯ ಇರುತ್ತೆ, ಆ ಕಡೆಯ ಸರ್ವರ್ ಪರವಾಗಿ ಡಬ್ಬಿಯೇ ನಮಗೆ "ಬಂತು, ಮುಂದಿನದು ಕಳ್ಸು" ಅಂತ ತಕ್ಷಣ ಉತ್ತರ ಕೊಟ್ಬಿಡುತ್ತೆ, ಹಂಗಾಗಿ ಕಾಯೋದು ತಪ್ಪುತ್ತೆ. ವಿಪಿಎನ್ ಹಾಕಿದ್ರೆ ಎಲ್ಲ ಲಕೋಟೆಯೊಳಗೆ ಹೋಗೋದ್ರಿಂದ ಡಬ್ಬಿಗೆ ಒಳಗಿರೋದು ಕಾಣಲ್ಲ, ಉಪಾಯ ನಡೆಯಲ್ಲ. ಆಫೀಸಿನ ಅಡ್ರೆಸ್ಸುಗಳು ಮಾತ್ರ ವಿಪಿಎನ್ ಒಳಗೆ ಹೋಗಿ ಮಿಕ್ಕಿದ್ದು ಹೊರಗಿಂದ ಹೋಗೋ ಹಂಗೆ ಮಾಡೋಕೆ ಆಫೀಸಿನ ಐಟಿಯವರನ್ನ ಕೇಳಿ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡೋದು) ಮಾಡೋರು ಅದರ ಬದ್ಲು ಮಾಶ್ ಬಳಸಿ, ಒತ್ತಿದ ಅಕ್ಷರ ಕಾಯದೇ ಪರದೆ ಮೇಲೆ ಕಾಣುತ್ತೆ, ನನಗೆ ಇದು ಬಹಳ ಉಪಕಾರ ಮಾಡಿದೆ. ದಿನಾ ಎಂಟು ಗಂಟೆ ವಿಪಿಎನ್ ಒಳಗೇ ಇರೋ ಕೆಲಸ ಆದ್ರೆ ಭೂಸ್ಥಿರ ತಗೋಬೇಡಿ.

ದಾವಣಗೆರೆಯಿಂದ ತೋಟದ ಸಿಸಿಟಿವಿ ನೋಡೋಕೆ ಆಗ್ತಿಲ್ಲ, ಪೋರ್ಟ್ ಫಾರ್ವರ್ಡ್ (ಹೊರಗಿಂದ ಬರೋದನ್ನ ಕ್ಯಾಮೆರಾಗೆ ಕಳಿಸೋ ರೂಟರ್ ಸೆಟ್ಟಿಂಗ್) ಮಾಡಿದೀನಿ.

ನಿಮಗೆ ಸಿಕ್ಕಿರೋ ಐಪಿ 100.64ರಿಂದ 100.127ರೊಳಗೆ ಶುರುವಾಗ್ತಿದ್ಯಾ ನೋಡಿ. ಹಂಗಿದ್ರೆ ಅದು ಸಿಜಿನ್ಯಾಟ್, ಒಂದು ಪಬ್ಲಿಕ್ ಐಪಿ ಹಿಂದೆ ಎಷ್ಟೋ ಮನೆಗಳು, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದ್ರೂ ಹೊರಗಿಂದ ಬರೋಕಾಗಲ್ಲ. ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಆಪ್ ಹಾಕೋದು ಸುಲಭದ ದಾರಿ. ನಾನು ಮಾಡಿದ್ದು ಒಂದು ಸಣ್ಣ ಬಾಡಿಗೆ ಸರ್ವರ್ ತಗೊಂಡು ಅದಕ್ಕೆ ಪೈಯಿಂದ ವೈರ್‌ಗಾರ್ಡ್ ಅನ್ನೋ ವಿಪಿಎನ್ ಕಟ್ಟಿರೋದು, 25 ಸೆಕೆಂಡಿಗೊಮ್ಮೆ ತಟ್ಟಿ ಎಚ್ಚರ ಇಡೋ ಸೆಟ್ಟಿಂಗ್ ಹಾಕಿದ್ರೆ ದಾರಿ ಮುಚ್ಚಲ್ಲ. ಕ್ಯಾಮೆರಾ ಸಬ್ ಸ್ಟ್ರೀಮ್ (ಕಮ್ಮಿ ಕ್ವಾಲಿಟಿ ವೀಡಿಯೋ) ಮಾತ್ರ ನೋಡಿ, ಪೂರ್ತಿ ಕ್ವಾಲಿಟಿ ಎಳೆದ್ರೆ ಡೇಟಾ ಬೇಗ ಮುಗಿಯುತ್ತೆ.

ತಿಂಗಳ ಮಧ್ಯಕ್ಕೇ ಡೇಟಾ ಖಾಲಿ, ಯಾರೂ ಏನೂ ನೋಡಿಲ್ಲ ಅಂತಾರೆ.

ಅವ್ರು ನಿಜಾನೇ ಹೇಳ್ತಿರ್ತಾರೆ, ತಿಂದಿರೋದು ಅಪ್‌ಡೇಟುಗಳು. ಲಿನಕ್ಸಲ್ಲಿ ಆ ಕನೆಕ್ಷನನ್ನ ಮೀಟರ್ಡ್ (ಡೇಟಾಗೆ ಮಿತಿ ಇರೋದು) ಅಂತ ಗುರುತು ಹಾಕಿ, ಮ್ಯಾಕ್, ಐಫೋನಲ್ಲಿ ಲೋ ಡೇಟಾ ಮೋಡ್ ಆನ್ ಮಾಡಿ, ಫೋಟೋ ತಾನೇ ಅಪ್‌ಲೋಡ್ ಆಗೋದನ್ನ ನಿಲ್ಸಿ. ಎರಡು ಮೂರು ಉಬುಂಟು, ಡೆಬಿಯನ್ ಮಷೀನ್ ಇದ್ರೆ ಪೈಯಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಒಂದು ಪ್ಯಾಕೇಜ್ ಒಂದೇ ಸಲ ಇಳಿಯುತ್ತೆ, ಮಿಕ್ಕ ಮಷೀನಿಗೆ ಮನೆಯೊಳಗಿಂದಲೇ ಹೋಗುತ್ತೆ. ದೊಡ್ಡ ಐಎಸ್‌ಒ (ಲಿನಕ್ಸ್ ಇನ್‌ಸ್ಟಾಲ್ ಮಾಡೋ) ಫೈಲುಗಳನ್ನ ನಾನು ದಾವಣಗೆರೇಲಿ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ತಗೊಂಡು ಹೋಗ್ತೀನಿ.

ಕರೆಂಟ್, ಸಿಡಿಲು?

ಸ್ಟಾರ್‌ಲಿಂಕ್ ಸ್ಟ್ಯಾಂಡರ್ಡ್ ಕಿಟ್ 75ರಿಂದ 100 ವ್ಯಾಟ್ ತಗೊಳ್ಳುತ್ತೆ, ಮಿನಿ 25ರಿಂದ 40. 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದು ಅಂದ್ರೆ ಲೆಕ್ಕಕ್ಕೆ 1,800 ವ್ಯಾಟ್-ಅವರ್, ಕೈಗೆ ಸಿಗೋದು ಅದರ ಮುಕ್ಕಾಲು ಪಾಲಿಗಿಂತ ಕಮ್ಮಿ, ಹಂಗಾಗಿ 100 ವ್ಯಾಟಿಗೆ ಹನ್ನೆರಡು ಗಂಟೆ ಅಂದ್ಕೊಳ್ಳಿ, ಫ್ಯಾನ್ ಲೈಟ್ ಹಾಕಿದ್ರೆ ಇನ್ನೂ ಕಮ್ಮಿ. ತೋಟದ ಲೈನಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಪಂಪ್ ಸ್ಟಾರ್ಟ್ ಆದಾಗ ಮೋಡೆಮ್ ರೀಸ್ಟಾರ್ಟ್ ಆಗ್ತಿದ್ರೆ ಅದನ್ನ ಇನ್‌ವರ್ಟರ್ ಲೈನಿಗೆ ಹಾಕಿ. ಡಿಶ್ ಕಂಬಕ್ಕೆ ಅರ್ತಿಂಗ್ ಕಡ್ಡಾಯ ಮಾಡ್ಸಿ. ಬಯಲಲ್ಲಿ ಒಂಟಿ ಮನೆ ಮೇಲೆ ಕಬ್ಬಿಣದ ಕಂಬ ನಿಲ್ಲಿಸ್ತಿದೀವಿ, ಇದರಲ್ಲಿ ಉದಾಸೀನ ಬೇಡ. ಗುಡುಗು ಶುರುವಾಗೋಕೆ ಮುಂಚೆನೇ ಡಿಶ್ ಕೇಬಲ್, ಪವರ್ ಎರಡೂ ತೆಗೆದಿಡೋಕೆ ಮನೆಯವರಿಗೆ ಹೇಳ್ಕೊಡಿ.

ಮನೆಯೊಳಗಿನ ಪ್ರಿಂಟರ್, ಫೈಲ್ ಶೇರಿಂಗಿಗೆ ಏನಾದ್ರೂ ತೊಂದ್ರೆ?

ಇಲ್ಲ. ಅದೆಲ್ಲ ನಿಮ್ಮ ರೂಟರ್ ಒಳಗೇ ಓಡಾಡೋದು, ಸ್ಯಾಟಲೈಟಿಗೂ ಅದಕ್ಕೂ ಸಂಬಂಧ ಇಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿ ಲಿನಕ್ಸ್ ಅಂದ ತಕ್ಷಣ "ನಾವು ಸಪೋರ್ಟ್ ಮಾಡಲ್ಲ" ಅಂತಾರೆ.

ಲಿನಕ್ಸ್ ವಿಷಯ ಎತ್ತೋಕೇ ಹೋಗಬೇಡಿ, ತೊಂದ್ರೆ ಇರೋದು ಮೋಡೆಮಿಂದ ಮೇಲೆ ಅಂತ ನೀವೇ ಮೊದ್ಲು ಖಚಿತ ಮಾಡ್ಕೊಳ್ಳಿ. ಫೋನನ್ನ ನೇರ ಮೋಡೆಮ್ ವೈಫೈಗೆ ಹಾಕಿ ನೋಡಿ, ಅದರಲ್ಲೂ ಬರ್ತಿಲ್ಲ ಅಂದ್ರೆ ಅವ್ರದ್ದೇ ತೊಂದ್ರೆ. ಮೋಡೆಮ್ ಪೇಜ್ ತೆಗೆದು ಸಿಗ್ನಲ್ ಸಂಖ್ಯೆ ಓದಿ ಹೇಳಿ, ಯಾವ ಲೈಟ್ ಉರೀತಿದೆ, ಯಾವುದು ಮಿನುಗ್ತಿದೆ, ಎಷ್ಟು ಗಂಟೆಯಿಂದ ಅಂತ ಹೇಳಿ. ಕಂಪ್ಲೇಂಟ್ ನಂಬರ್ ತಗೊಂಡೇ ಫೋನ್ ಇಡಿ. ಸರಿಯಾಗಿ ಓಡ್ತಿರೋ ಒಂದು ದಿನ ಆ ಸಿಗ್ನಲ್ ಸಂಖ್ಯೆಯ ಫೋಟೋ ತೆಗೆದಿಟ್ಕೊಂಡಿದ್ರೆ ಹೋಲಿಸೋಕೆ ಬರುತ್ತೆ, ನಮ್ಮಲ್ಲಿ ಅದು ಮೋಡೆಮ್ ತಳದ ಆ ಚೀಟಿ ಪಕ್ಕದಲ್ಲೇ ಬರ್ದಿದೆ.